ಅಳಿಸಿಹೋದ ನಾಲ್ಕು

ಜೂನ್ 10, ಸೋಮವಾರ

ಗುಡ್ಡದ ಮೇಲಿನ ಹಳೇ ರೋಮನ್ ತೋಟದ ಮನೆಯ ಈ ವರ್ಷದ ಅಗೆತ ಇವತ್ತು ಶುರುವಾಯಿತು. ಅಗೆತದ ದಿನವಹಿ ಬೇರೆ ಇದೆ, ಅದನ್ನು ಬರೆಯುವವಳೂ ನಾನೇ. ಅದರಲ್ಲಿ ಪದರದ ಸಂಖ್ಯೆ, ಮಣ್ಣಿನ ಬಣ್ಣ, ಸಿಕ್ಕಿದ್ದು ಏನು ಅನ್ನುವುದಷ್ಟೇ ಇರಬೇಕು. ನನ್ನ ಮೊಣಕಾಲು ನೋವು, ಸಿಟ್ಟು, ಪಕ್ಕದವರ ದಡ್ಡತನ ಇವೆಲ್ಲ ಎಲ್ಲಿಗಾದರೂ ಹೋಗಬೇಕಲ್ಲ, ಅದಕ್ಕೆ ಈ ನೋಟುಬುಕ್ಕು.

ಪ್ರೊಫೆಸರ್ ಲೊದೊವೀಕಾ ರೋಮಿನಿಂದ ಹತ್ತು ಜನ ವಿದ್ಯಾರ್ಥಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದಾರೆ. ಎಲ್ಲರ ಟೋಪಿಯೂ ಹೊಸದು. ಅವರ ಮುಂದೆ ನನ್ನನ್ನು ನಿಲ್ಲಿಸಿ, "ಇವರು ಎರ್ಸೀಲಿಯಾ. ಮೂವತ್ತೆರಡು ವರ್ಷದಿಂದ ಈ ಗುಡ್ಡ ಅಗೀತಿದಾರೆ. ಡಿಗ್ರಿ ಇಲ್ಲ, ಆದ್ರೆ ಇವರ ಕಣ್ಣು ನನಗಿಲ್ಲ. ಇವರು ಗೋಡೆ ಅಂದ್ರೆ ಗೋಡೆ, ಮಣ್ಣು ಅಂದ್ರೆ ಮಣ್ಣು," ಅಂದರು. ನಾನು ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದೆ. ಖುಷಿ ಮುಖದಲ್ಲಿ ಕಾಣಬಾರದಲ್ಲ. ಪೊಜ್ಜಾಲ್ಟೊ ಊರಿನಲ್ಲಿ ನನ್ನ ಹೆಸರೇ 'ಕಣ್ಣು'. ಬೇಕರಿಯವಳು ಒಳಕ್ಕೆ "ಕಣ್ಣಿಗೆ ಅರ್ಧ ಕಿಲೋ ಬ್ರೆಡ್ಡು ಕೊಡೇ" ಎಂದೇ ಕೂಗುವುದು.

ತೊಳೆಯುವ ತೊಟ್ಟಿಯ ಹತ್ತಿರ ಈ ಸಲವೂ ಸೆತ್ತೀಮಿಯೊ ಮಾಮ. ಮುದುಕನಿಗೆ ಎಪ್ಪತ್ತೊಂದಾಯಿತು. ಗಾರೆ ಕೆಲಸದವನಾಗಿದ್ದ, ನನಗೆ ಕರಣೆ ಹಿಡಿಯುವುದನ್ನು ಕಲಿಸಿದವನು ಅವನೇ. ಈಗ ಮಡಕೆ ಚೂರು, ಮೂಳೆ ಚೂರುಗಳನ್ನು ಹಲ್ಲುಜ್ಜುವ ಬ್ರಶ್ಶಿನಲ್ಲಿ ತೊಳೆದು ಒಣಹಾಕುತ್ತಾನೆ. ಪ್ರತಿ ಚೀಲದಲ್ಲಿ ಒಂದು ಚೀಟಿ, ಚೀಟಿಯ ಮೇಲೆ ಪದರದ ಸಂಖ್ಯೆ. ಪೆನ್ಸಿಲಿನಲ್ಲೇ ಬರೆಯಬೇಕು, ಶಾಯಿಯಾದರೆ ನೀರಿಗೆ ಕರಗುತ್ತದೆ. ಚೀಟಿ ಅಳಿಸಿತೋ, ಆ ಚೂರು ಎಲ್ಲಿಂದ ಬಂತೆಂದು ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಮುದುಕ ಪ್ರತಿಯೊಬ್ಬರ ಚೀಟಿಯನ್ನೂ ಬಕೆಟ್ಟಿಗೆ ಅದ್ದಿ, ಹತ್ತರವರೆಗೆ ಎಣಿಸಿ, ಬಿಸಿಲಿಗೆ ಹಿಡಿದು ನೋಡುತ್ತಾನೆ. ಅಕ್ಷರ ಉಳಿದಿದ್ದರೆ "ನಿಂತಿದೆ" ಎನ್ನುತ್ತಾನೆ. ಇಲ್ಲದಿದ್ದರೆ ಅವರ ವಂಶವನ್ನೆಲ್ಲ ಬೈಯುತ್ತಾನೆ.

ನನ್ನ ಚೀಲ ಬಂದಾಗ ಅದ್ದಲಿಲ್ಲ. ಒಬ್ಬ ಹುಡುಗಿ, "ಇದನ್ನ ಅದ್ದಲ್ವಾ ತಾತಾ?" ಎಂದು ಕೇಳಿದಳು.

"ಎರ್ಸೀದು ಅದ್ದೋದಾ? ಪಾದ್ರಿಗೆ ಪ್ರಾರ್ಥನೆ ಬರುತ್ತಾ ಅಂತ ಯಾರಾದ್ರೂ ಪರೀಕ್ಷೆ ಮಾಡ್ತಾರೇನಮ್ಮಾ?"

ಮೂರು ಗಂಟೆಯಾಗುತ್ತಲೇ ಅವನು ಗಡಿಯಾರ ನೋಡಲು ಶುರುಮಾಡುತ್ತಾನೆ. ಮಗಳು ಮಾರ್ತ್ಸಿಯಾ ಔಷಧಿ ಅಂಗಡಿಯಿಂದ ಬರುವವರೆಗೆ ಎಂಟು ತಿಂಗಳ ಮೊಮ್ಮಗಳು ನೊಯೇಮಿಯನ್ನು ನೋಡಿಕೊಳ್ಳುವವನು ಅವನು. ತನ್ನ ಮೂರು ಚಕ್ರದ ಡಕೋಟಾ ಗಾಡಿ ಹತ್ತಿ, ಗುಡ್ಡವೆಲ್ಲ ಕೇಳುವ ಹಾಗೆ ಸದ್ದು ಮಾಡುತ್ತ ಇಳಿದುಹೋಗುತ್ತಾನೆ. ಮೊದಲ ದಿನವೇ ಅರ್ಧ ತೊಟ್ಟಿ ತೊಳೆಯದೆ ಬಿಟ್ಟುಹೋಗಿದ್ದಾನೆ. ನಾನೇ ಮುಚ್ಚಿ ಬಂದೆ.

ಜೂನ್ 12, ಬುಧವಾರ

ಗಾಣದ ಕೋಣೆಯ ಹೊರಗೋಡೆಗೆ ತಾಗಿದಂತೆ ಅಗೆಯಲು ಗುರುತು ಮಾಡಿದ ಪಟ್ಟಿಯಲ್ಲಿ ನನ್ನ ಕೆಲಸ. ಈ ತೋಟದ ಮನೆಯ ರೋಮನ್ ಒಡೆಯರು ಇಲ್ಲಿ ಆಲಿವ್ ಎಣ್ಣೆ ತೆಗೆಯುತ್ತಿದ್ದರು, ಅದೇ ಗುಡ್ಡದಲ್ಲಿ ನಾವು ಈಗಲೂ ತೆಗೆಯುತ್ತೇವೆ. ಒಂದು ದಿನ ಮಾಡು ಹೊರಕ್ಕೆ ಬಿದ್ದು ಹೆಂಚೆಲ್ಲ ಗೋಡೆಯ ಪಕ್ಕ ಸುರಿದಿದೆ. ಅದು ಪದರ 214.

ವಿದ್ಯಾರ್ಥಿಗಳಿಗೆ ಪ್ರತಿವರ್ಷದ ನನ್ನ ಪಾಠ ಹೇಳಿದೆ. "ಬಿದ್ದ ಹೆಂಚು ಒಡೆದೇ ಒಡೆಯುತ್ತೆ. ಒಡೆಯದ ಹೆಂಚು ಕಂಡ್ರೆ ಕೈ ನಿಲ್ಲಿಸಿ. ಅದು ಬಿದ್ದದ್ದಲ್ಲ, ಯಾರೋ ಇಟ್ಟದ್ದು." ಎಲ್ಲರೂ ಬರೆದುಕೊಂಡರು. ಒಬ್ಬನಂತೂ "ಇನ್ನೊಂದ್ಸಲ ಹೇಳ್ತೀರಾ?" ಎಂದ. ಹೇಳಿದೆ. ಹೇಳಲು ನನಗೂ ಚೆನ್ನಾಗಿರುತ್ತದೆ.

ಮಧ್ಯಾಹ್ನ ಆಲಿವ್ ಮರದಡಿ ಊಟ. ಮುದುಕ ಟೊಮೆಟೊ ಉಜ್ಜಿದ ಬ್ರೆಡ್ಡು ತಂದಿದ್ದ, ಅರ್ಧ ಮುರಿದು ನನಗೆ ಕೊಟ್ಟ. ಉಪ್ಪು ಜಾಸ್ತಿ.

ಜೂನ್ 14, ಶುಕ್ರವಾರ

ಒಂದು ಗಂಟೆಗೆ ಡ್ರೋನ್ ಫೋಟೊದವನು ಬರುವುದಿತ್ತು. ಅಷ್ಟರಲ್ಲಿ ಪಟ್ಟಿ ಚೊಕ್ಕವಾಗಿರಬೇಕು. ಹನ್ನೊಂದು ಗಂಟೆಯಾದರೂ ಮೂಲೆಯ ಹೆಂಚು ಹಾಗೇ ಇತ್ತು. ಮಕ್ಕಳು ಅದಕ್ಕೆ ಬ್ರಶ್ಶಿನಲ್ಲಿ ಮುದ್ದು ಮಾಡುತ್ತ ಕೂತಿದ್ದರು. "ಏಳಿ ಏಳಿ, ಹೆಂಚಿಗೇನು ತಲೆ ಬಾಚ್ತಿದೀರಾ?" ಎಂದು ಎಬ್ಬಿಸಿ ನಾನೇ ಇಳಿದೆ. ಪಿಕಾಸಿಯಲ್ಲಿ ನಾಲ್ಕು ಏಟು ಹಾಕಿ, ಹೆಂಚುಗಳನ್ನು ಎತ್ತೆತ್ತಿ ಮೇಲಕ್ಕೆ ಕೊಟ್ಟು, ಕರಣೆಯಲ್ಲಿ ಒಂದಿಷ್ಟು ಕೆರೆದೆ. ಅರ್ಧ ಗಂಟೆಯಲ್ಲಿ ಮೂಲೆ ಬಯಲಾಯಿತು. ಪ್ರೊಫೆಸರ್ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು.

ಹೆಂಚಿನ ಕೆಳಗೆ ಕೋಳಿ ಮೂಳೆ, ಒಂದು ಹಿಡಿ. ಪೆನ್ಸಿಲ್ ಎಲ್ಲೋ ಬಿದ್ದುಹೋಗಿತ್ತು, ಜೇಬಿನ ಪೆನ್ನಿನಲ್ಲೇ ಚೀಟಿ ಬರೆದು ಚೀಲಕ್ಕೆ ಹಾಕಿದೆ. ಎರಡು ಗಂಟೆಗೆ ಮುದುಕ ತೊಟ್ಟಿಯಿಂದಲೇ ಕೂಗಿದ: "ಎರ್ಸೀ, ನೀನೂ ಶಾಯೀಲಿ ಬರೆಯೋಕೆ ಶುರು ಮಾಡಿದ್ಯಾ? ಕರಗಿ ಹೋಗ್ತಾ ಇದೆಯಲ್ಲೇ! 214 ತಾನೆ?"

"ಹ್ಞೂಂ ಹ್ಞೂಂ, ನೀನೇ ಬರ್ಕೋ ಮಾಮ."

ದಿನವಹಿಯಲ್ಲಿ ಬರೆದೆ: 214, ಮಾಡಿನ ಕುಸಿತ. ಪೂರ್ತಿ ತೆಗೆಯಲಾಯಿತು. ವಿಶೇಷವೇನೂ ಇಲ್ಲ.

ಫೋಟೊ ಚೆನ್ನಾಗಿ ಬಂದಿದೆಯಂತೆ.

ಜೂನ್ 15, ಶನಿವಾರ

ರಜ. ಆದರೂ ಹೋದೆ. ಹೆಂಚಿನ ರಾಶಿ ಸರಿಯಾಗಿ ಜೋಡಿಸಿರಲಿಲ್ಲ, ಅದಕ್ಕೆ.

ಅದರಲ್ಲಿ ಎರಡು ಇಡೀ ಹೆಂಚುಗಳಿವೆ. ಒಂದು ಬಿರುಕೂ ಇಲ್ಲ. ಎರಡರ ಮೇಲಂಚಿನಲ್ಲೂ ಒಂದಕ್ಕೊಂದು ಒರಗಿಸಿದಾಗ ಆಗುವ ಸವೆತ, ಒಳಬದಿಯಲ್ಲಿ ಮೆತ್ತನೆಯ ಕಪ್ಪು ಮಣ್ಣು. ತುಂಬ ಹೊತ್ತು ನೋಡಿದೆ.

ಸಾವಿರದಲ್ಲಿ ಒಂದು ಹೆಂಚು ಒಡೆಯದೆ ಬೀಳಬಹುದು. ಒಂದು ಬಿದ್ದರೆ ಎರಡೂ ಬೀಳಬಹುದು. ಎರಡನ್ನೂ ರಾಶಿಯ ಅಡಿಗೆ ಹಾಕಿ ಬಂದೆ. ಭಾರದವು ಕೆಳಗಿದ್ದರೆ ರಾಶಿ ಜಾರುವುದಿಲ್ಲ.

ಜೂನ್ 17, ಸೋಮವಾರ

ಬಿಸಿಲು. ವಿಶೇಷವೇನೂ ಇಲ್ಲ.

ಜೂನ್ 20, ಗುರುವಾರ

ಮೂಳೆ ನೋಡುವ ಜಿಲ್ದಾ ಇವತ್ತು ಬಂದಳು. ಶೆಡ್ಡಿನ ಮೇಜಿನ ಮೇಲೆ ಚೀಲಗಳನ್ನು ಒಂದೊಂದಾಗಿ ಸುರಿದು ಹಂದಿ, ಕುರಿ, ಮೊಲ ಎಂದು ವಿಂಗಡಿಸುತ್ತಿದ್ದವಳು ನನ್ನ ಚೀಲಕ್ಕೆ ಬಂದು ಕೈ ನಿಲ್ಲಿಸಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಇದು ಕೋಳಿ ಅಲ್ಲ ಕಣ್ರೀ. ಕೂಸು. ಹುಟ್ಟಿ ವಾರಾನೂ ಆಗಿರ್ಲಿಲ್ಲ."

ಕಪ್ಪು ಬಟ್ಟೆಯ ಮೇಲೆ ಜೋಡಿಸಿದಳು. ತೊಡೆಯ ಮೂಳೆ ನನ್ನ ನಡುಬೆರಳಿಗಿಂತ ಉದ್ದವಿಲ್ಲ. ಪಕ್ಕೆಲುಬು ಮೀನಿನ ಮುಳ್ಳಿನಷ್ಟು. "ಇದು ನೋಡಿ, ಈಗ ಮುರಿದದ್ದು. ಒಳಗೆ ಬಿಳೀ ಇದೆ. ಯಾರೋ ಪಿಕಾಸಿ ಹಾಕಿದಾರೆ," ಎಂದಳು. ಎಲ್ಲರೂ ಬಂದು ಸುತ್ತ ನಿಂತರು. ಪ್ರೊಫೆಸರ್ ಚೀಟಿ ತೆಗೆದು ನೋಡಿದರು.

"214. ಇದು ನಿಮ್ಮ ಪಟ್ಟಿ ಅಲ್ವಾ ಎರ್ಸೀಲಿಯಾ? ಮಾಡು ಕುಸಿದ ಕಡೆ ಕೂಸು ಹೇಗೆ ಬಂತು?"

ಹೇಗೆ ಬಂತೆಂದು ನನಗೆ ಗೊತ್ತಿತ್ತು. ಶನಿವಾರವೇ ಗೊತ್ತಿತ್ತು. ಹಲ್ಲು ಹುಟ್ಟುವ ಮುಂಚೆ ತೀರಿಕೊಂಡ ಕೂಸನ್ನು ಆ ಜನ ಸುಡುತ್ತಿರಲಿಲ್ಲ. ಸೂರಿನ ಕೆಳಗೆ ಗೋಡೆಗೆ ತಾಗಿಸಿ ಮಲಗಿಸಿ, ಮೇಲೆ ಎರಡು ಹೆಂಚು ಒರಗಿಸುತ್ತಿದ್ದರು. ಅಂಥದ್ದನ್ನು ಎರಡು ಸಲ ಈ ಕೈಯಲ್ಲೇ ಕೂದಲೂ ಕೊಂಕದ ಹಾಗೆ ಬಿಡಿಸಿದ್ದೇನೆ. ಹತ್ತು ಹೊಸ ಟೋಪಿಗಳು ನನ್ನನ್ನೇ ನೋಡುತ್ತಿದ್ದವು. ಒಡೆಯದ ಹೆಂಚು ಕಂಡ್ರೆ ಕೈ ನಿಲ್ಲಿಸಿ ಎಂದು ಬರೆದುಕೊಂಡಿದ್ದ ಹುಡುಗನೂ ಅಲ್ಲೇ ಇದ್ದ.

"214ರಲ್ಲಿ ಮೂಳೆ ಇರ್ಲಿಲ್ಲವಲ್ಲ," ಎಂದೆ. ನನ್ನ ದನಿ ಸಾಧಾರಣವಾಗಿಯೇ ಇತ್ತು. "ಇದು ಯಾರು ಬರೆದ ಚೀಟಿ?"

"ನಾನು ಬರೆದದ್ದು," ಎಂದ ಸೆತ್ತೀಮಿಯೊ. "ನಿಂದು ಕರಗಿ ಹೋಗಿತ್ತಲ್ಲ, ನಾನೇ ತಿದ್ದಿ ಬರೆದೆ."

"ಅದು 217 ಮಾಮ. ಅವತ್ತು ತಿಪ್ಪೆಯ ಚೀಲಗಳೂ ನನ್ನ ಕೈಯಿಂದಲೇ ಬಂದ್ವಲ್ಲ. ಏಳನ್ನ ನಾಲ್ಕು ಅಂತ ಓದಿದೀಯ."

217 ಎಂದರೆ ಅಡುಗೆಮನೆಯ ಹಿಂದಿನ ತಿಪ್ಪೆ. ಮೂಳೆ ಎಷ್ಟು ಬೇಕಾದರೂ ಇವೆ ಅಲ್ಲಿ. ನಾವು ಏಳಕ್ಕೆ ನಡುವೆ ಗೀಟು ಎಳೆಯುತ್ತೇವೆ. ಅವಸರದಲ್ಲಿ ಬರೆದು, ಅದರ ಮೇಲೆ ನೀರು ಬಿದ್ದರೆ, ನಾಲ್ಕೋ ಏಳೋ ಯಾರಿಗೆ ಗೊತ್ತಾಗುತ್ತದೆ?

"ನಾನು ಕೇಳಿದ್ನಲ್ಲ ನಿನ್ನ? ನೀನು ಹ್ಞೂಂ ಅಂದೆ..."

"217 ಅಂತ ಕೇಳಿದ್ದಕ್ಕೆ ಹ್ಞೂಂ ಅಂದೆ. ನೆನಪು ಮಾಡ್ಕೋ ಮಾಮ. ಹೋದ ವರ್ಷ ನಲ್ಲಿ ಬಿಟ್ಟು ಹೋಗಿ ಟ್ಯಾಂಕೆಲ್ಲ ಖಾಲಿ ಆಗಿತ್ತಲ್ಲ, ಅವತ್ತೂ ಮುಚ್ಚಿದೀನಿ ಅಂತಲೇ ನೀನು ಹೇಳಿದ್ದೆ."

ಯಾರೋ ನಕ್ಕರು. ಮುದುಕ ನಗಲಿಲ್ಲ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

ಜಿಲ್ದಾ ಮಾತ್ರ, "ತಿಪ್ಪೆ ಮೂಳೆ ಇಷ್ಟು ಬೆಳ್ಳಗಿರಲ್ಲ," ಎಂದಳು. ಪ್ರೊಫೆಸರ್ ನನ್ನ ಮುಖ ನೋಡಿ, "ಎರ್ಸೀಲಿಯಾ ತಿಪ್ಪೆ ಅಂದ್ರೆ ತಿಪ್ಪೆ," ಅಂದರು.

ನಾನು ಸುಳ್ಳು ಹೇಳಿದೆನೆಂದು ಹೇಳಲಾಗದು. ಅಷ್ಟು ಜನರ ಮುಂದೆ ಒಮ್ಮೆಗೇ ಕೇಳಿದರೆ ಯಾರಿಗಾದರೂ ಗೊಂದಲವಾಗುತ್ತದೆ.

ಜೂನ್ 21, ಶುಕ್ರವಾರ

ಹೊಸ ಚೀಟಿ ಬರೆದು ಕೂಸಿನ ಮೂಳೆಯ ಡಬ್ಬಿಗೆ ಹಾಕಿದೆ. 217. ಏಳಕ್ಕೆ ನಡುವೆ ಗೀಟು ಎಳೆದೆ. ಪೆನ್ಸಿಲಿನಲ್ಲಿ.

ಜೂನ್ 25, ಮಂಗಳವಾರ

ಸೆತ್ತೀಮಿಯೊ ಈಗ ಪ್ರತಿ ಚೀಲ ಬಂದಾಗಲೂ ಸಂಖ್ಯೆಯನ್ನು ಅಂಗೈಯಲ್ಲಿ ಬರೆದುಕೊಳ್ಳುತ್ತಾನೆ. ಆಮೇಲೆ ಇನ್ನೊಬ್ಬರಿಂದ ಓದಿಸುತ್ತಾನೆ. "ಮಗಾ, ಇದೆಷ್ಟು? ನಾಲ್ಕಾ? ಸರಿಯಾಗಿ ನೋಡಿ ಹೇಳು." ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಕಣ್ಣು ಹೊಡೆದುಕೊಳ್ಳುತ್ತಾರೆ. ಒಬ್ಬಳಿಗೆ ನಾನು ಬೈದೆ, ಬೇರೆ ವಿಷಯಕ್ಕೆ.

ಬೆಳಗ್ಗೆ ನಡೆದುಕೊಂಡು ಬಂದಿದ್ದ. ಗಾಡಿ ಎಲ್ಲಿ ಎಂದರೆ, "ಇರ್ಲಿ, ನಡೆದ್ರೆ ಒಳ್ಳೇದು," ಎಂದ. ಗುಡ್ಡ ಹತ್ತಿ ಮುಖ ಕೆಂಪಾಗಿತ್ತು. ಈ ವಯಸ್ಸಿನಲ್ಲಿ ನಡಿಗೆ ಒಳ್ಳೆಯದೇ. ನಾನು ಅವನ ನೀರಿನ ಕ್ಯಾನು ಹೊತ್ತು ತಂದು ತೊಟ್ಟಿಯ ಪಕ್ಕ ಇಟ್ಟೆ.

ಊಟ ಕಾರಿನಲ್ಲಿ ಕೂತು ಮಾಡಿದೆ. ಮರದಡಿ ಇರುವೆ ಜಾಸ್ತಿಯಾಗಿವೆ.

ಜೂನ್ 28, ಶುಕ್ರವಾರ

ಬರುವ ತಿಂಗಳು ಏಳನೇ ತಾರೀಕು ಊರಿನವರಿಗೆಲ್ಲ ಅಗೆತ ತೋರಿಸುವ ಭಾನುವಾರ. ಪ್ರೊಫೆಸರ್ ಭಾಷಣ ತಯಾರಿಸಿದ್ದಾರೆ, ನನಗೆ ಓದಿ ಹೇಳಿದರು. ಗಾಣ, ಎಣ್ಣೆಯ ಹಂಡೆಗಳು, ಒಡೆಯರ ಊಟದ ಕೋಣೆಯ ನೆಲ, ಎಲ್ಲದಕ್ಕಿಂತ ಮುಖ್ಯವಾಗಿ ತಿಪ್ಪೆಗೆ ಎಸೆದ ಕೂಸು. "ಇದೇ ಜನರ ಮನಸ್ಸಿಗೆ ನಾಟೋದು ಎರ್ಸೀಲಿಯಾ. ಜೀತದವಳ ಮಗು, ಹಂದಿ ಮೂಳೆ ಜೊತೆ ತಿಪ್ಪೇಲಿ! ಎಂಥಾ ಕ್ರೂರ ಕಾಲ ನೋಡಿ. ಪೇಪರ್ನೋರೂ ಬರ್ತಾರೆ."

"ಅಷ್ಟು ಖಚಿತವಾಗಿ ಹೇಳಬಹುದಾ?" ಎಂದೆ.

"ನೀವೇ ತಾನೆ ಹೇಳಿದ್ದು?"

ಹೌದು, ನಾನೇ.

ಇವತ್ತೂ ಎಲ್ಲರಿಗಿಂತ ಮುಂಚೆ ಹೋಗಿ ಪಟ್ಟಿಯ ಮೂಲೆ ಗುಡಿಸಿದೆ. ಅಲ್ಲಿ ಈಗ ಕೆಲಸವೇನೂ ಇಲ್ಲ. ಗೋಡೆಯಿಂದ ಒಂದು ಗೇಣು ದೂರದಲ್ಲಿ ಮಣ್ಣಿನ ಬಣ್ಣ ಸ್ವಲ್ಪ ಕಪ್ಪಾಗಿದೆ, ತೊಟ್ಟಿಲಿನಷ್ಟೂ ದೊಡ್ಡದಿಲ್ಲ. ಗಾಳಿಗೆ ಎಲೆ ಬಂದು ಬೀಳುತ್ತವೆ, ತೆಗೆಯುತ್ತೇನೆ.

ಜುಲೈ 2, ಮಂಗಳವಾರ

ಮೊಣಕಾಲಿನ ಮುಲಾಮು ತರಲು ಔಷಧಿ ಅಂಗಡಿಗೆ ಹೋಗಿದ್ದೆ. ಬೇರೆ ಯಾರೂ ಇರಲಿಲ್ಲ. ಮಾರ್ತ್ಸಿಯಾ ಮುಲಾಮು ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ಎರ್ಸೀ ಅಕ್ಕಾ, ನಿಜ ಹೇಳು. ಅಪ್ಪ ಕೆಲಸದಲ್ಲಿ ತುಂಬಾ ತಪ್ಪು ಮಾಡ್ತಿದಾನಾ?"

"ಯಾಕೆ?"

"ಗಾಡಿ ಕೀ ನನ್ನ ಕೈಗೆ ಕೊಟ್ಟುಬಿಟ್ಟ. ನಂಗಿನ್ನು ಓಡ್ಸೋಕೆ ಬಿಡ್ಬೇಡ ಅಂದ. ಪಾಪೂನ ಮುಟ್ಟೋದೇ ಇಲ್ಲ ಅಕ್ಕಾ. ಕೈಗೆ ಕೊಟ್ರೆ ಹಿಂದೆ ಹಿಂದೆ ಹೋಗ್ತಾನೆ. ಯಾರದೋ ಕೂಸನ್ನ ತಿಪ್ಪೆಗೆ ಹಾಕಿದವನು ನಾನು, ನಿನ್ನ ಕೂಸನ್ನ ಎಲ್ಲಿ ಮರೆತು ಬರ್ತೀನೋ ಅಂತಾನೆ. ರಿಯೇತಿ ಆಸ್ಪತ್ರೇಲಿ ಮರೆವಿನ ಪರೀಕ್ಷೆಗೆ ಹದಿನೈದಕ್ಕೆ ಹೆಸರು ಬರೆಸಿದೀನಿ. ಅಷ್ಟು ಹದಗೆಟ್ಟಿದ್ಯಾ? ನೀನು ದಿನಾ ನೋಡ್ತೀಯಲ್ಲ, ಹೇಳು."

ಆಗಲೇ ಹೇಳಬಹುದಿತ್ತು. ಇಬ್ಬರೇ ಇದ್ದೆವು. ಅವಳ ಕಣ್ಣಲ್ಲಿ ನೀರಿತ್ತು. ನಾನು ಹೇಳಿದ್ದು ಇಷ್ಟು: "ವಯಸ್ಸಾಯ್ತಲ್ಲಮ್ಮ."

ಮುಲಾಮು ಅಲ್ಲೇ ಬಿಟ್ಟು ಬಂದಿದ್ದೇನೆ. ಬರೆಯುವಾಗಲೂ ಕೆನ್ನೆ ಸುಡುತ್ತಿದೆ. ನಾಚಿಕೆಗೆಟ್ಟವಳು ಎಂದು ಬೇರೆಯವರಿಗೆ ಎಷ್ಟು ಸಲ ಅಂದಿದ್ದೇನೋ. ನನಗೆ ನಾಚಿಕೆ ಇದೆ, ಬೇಕಾದಷ್ಟಿದೆ. ಮೈಯೆಲ್ಲ ಅದೇ ಇದೆ. ಇದ್ದೂ ಬಾಯಿ ಬಿಡುವುದಿಲ್ಲ ಎಂದರೆ ನಾನು ಎಂಥ ಹೆಂಗಸು?

ನನ್ನ ಹತ್ತಿರ ಡಿಗ್ರಿ ಇಲ್ಲ, ಗಂಡನಿಲ್ಲ, ಅಂಥ ರೂಪವೂ ಇರಲಿಲ್ಲ. ಇದ್ದದ್ದು ಇದೊಂದು ಕಣ್ಣು. ಅದು ಹೋದರೆ ನಾನು ಬೇಕರಿಗೆ ಹೋಗಿ ಯಾರು ಎಂದು ನಿಲ್ಲಲಿ?

ಜುಲೈ 4, ಗುರುವಾರ

ರಾಶಿಯ ಅಡಿಯಿಂದ ಆ ಎರಡು ಹೆಂಚು ತೆಗೆದು ತೊಳೆದು ಶೆಡ್ಡಿನೊಳಗೆ ಇಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ.

ಒಂದರ ಬೆನ್ನಿನ ಮೇಲೆ ಹಸಿ ಮಣ್ಣಿದ್ದಾಗ ಯಾರೋ ಎಳೆದ ಮೂರು ಬೆರಳಿನ ಗುರುತಿದೆ. ಇರುವುದರಲ್ಲೇ ಒಳ್ಳೆಯದನ್ನು ಆರಿಸಿ ಇಟ್ಟಿದ್ದಾರೆ.

ಜುಲೈ 7, ಭಾನುವಾರ

ಚರ್ಚಿನ ಪೂಜೆ ಮುಗಿಸಿ ಊರೆಲ್ಲ ಬಂತು. ಇನ್ನೂರು ಜನ ಇದ್ದರೇನೋ. ಊರಿನ ಹೆಂಗಸರು ಪಿಜ್ಜಾ, ಪೀಚ್ ಹಣ್ಣು, ವೈನು ತಂದಿದ್ದರು. ಬೇಕರಿಯವಳು ನನ್ನ ತೋಳು ಹಿಡಿದು, "ನಮ್ಮ ಕಣ್ಣು ಕಣ್ರೀ ಇದನ್ನೆಲ್ಲ ಹುಡುಕಿದ್ದು," ಎಂದು ಯಾರಿಗೋ ತೋರಿಸಿದಳು. ತೋಳು ಬಿಡಿಸಿಕೊಂಡೆ.

ಪ್ರೊಫೆಸರ್ ತಿಪ್ಪೆಯ ಅಂಚಿನಲ್ಲಿ ನಿಂತು ಕೂಸಿನ ಕಥೆ ಹೇಳಿದರು. ಚೆನ್ನಾಗಿ ಹೇಳುತ್ತಾರೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಎದೆಯ ಮೇಲೆ ಶಿಲುಬೆ ಗೀಚಿಕೊಂಡು ಗಟ್ಟಿಯಾಗೇ ಅಂದಳು: "ಅದಕ್ಕೆ ತಾಯಿ ಅಂತ ಒಬ್ಬಳು ಇದ್ದಳಲ್ಲ! ನಾಯೀನೂ ಹಂಗೆ ಎಸೆಯಲ್ಲ. ಪಾಪಿ ಮುಂಡೆ!"

"ಥೂ, ಅವಳ ಹೊಟ್ಟೆ ಉರಿದು ಹೋಗ!" ಎಂದಳು ಪಕ್ಕದವಳು.

ಅವಳು ಎಸೆದಿರಲಿಲ್ಲ. ಒಳ್ಳೆಯ ಹೆಂಚು ಆರಿಸಿದ್ದಳು. ಸೂರಿನ ಕೆಳಗೆ, ಕೆಲಸಕ್ಕೆ ಹೋಗುತ್ತ ಬರುತ್ತ ಕಣ್ಣಿಗೆ ಬೀಳುವ ಜಾಗದಲ್ಲಿ ಗೋಡೆಗೆ ಒತ್ತಿಸಿ ಮಲಗಿಸಿದ್ದಳು. ಎರಡು ಸಾವಿರ ವರ್ಷ ಯಾರೂ ಮುಟ್ಟಿರಲಿಲ್ಲ, ನಾನು ಮುಟ್ಟಿದೆ. ತಿಪ್ಪೆಗೆ ಹಾಕಿದವಳೂ ನಾನೇ. ಬೈಸಿಕೊಂಡವಳು ಮಾತ್ರ ಅವಳು. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಮೂವತ್ತೆರಡು ವರ್ಷ ನೆಲದ ಬಾಯಿ ಬಿಡಿಸಿದವಳಿಗೆ ಇವತ್ತು ಅಡಗಿಕೊಳ್ಳಲು ಒಂದು ಗುಂಡಿ ಸಿಗಲಿಲ್ಲ.

ಸೆತ್ತೀಮಿಯೊ ಮಾಮ ಜನರ ಹಿಂದೆ, ಮದುವೆಗೆ ಹಾಕುವ ಕೋಟು ಹಾಕಿಕೊಂಡು ನಿಂತಿದ್ದ. ಮಾರ್ತ್ಸಿಯಾ ಪಕ್ಕದಲ್ಲಿದ್ದಳು. ಅವಳ ಸೊಂಟದ ಮೇಲಿದ್ದ ನೊಯೇಮಿ ಎರಡೂ ಕೈ ಚಾಚಿ ಅಜ್ಜನ ಕಡೆ ಬಗ್ಗಿದಳು. ಮಾಮ ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮಗು ಇನ್ನೂ ಬಗ್ಗಿತು. ಅವನು ತಲೆ ಆಡಿಸಿ, ಇಲ್ಲ ಇಲ್ಲ ಎಂದು, ಇನ್ನೂ ಒಂದು ಹೆಜ್ಜೆ ಹಿಂದೆ ಹೋದ. ಮಗು ಅಳತೊಡಗಿತು.

ಅಲ್ಲೇ ಕೂಗಿ ಹೇಳಿಬಿಡಬೇಕಿತ್ತು. ಕೂಗಲಿಲ್ಲ. ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಾಳೆ ಎಂದು ಬರೆಯುತ್ತೇನೆ, ಬರೆದರೆ ಹಿಂದೆ ಸರಿಯಲಾಗದು. ನಾಳೆ.

ಜುಲೈ 8, ಸೋಮವಾರ

ಹೇಳಿದೆ.

ಮೊದಲು ಪ್ರೊಫೆಸರಿಗೆ. ಏಳು ಗಂಟೆಗೆ, ಅವರು ಕಾಫಿ ಸುರಿದುಕೊಳ್ಳುವಾಗ. ಎರಡೂ ಹೆಂಚುಗಳನ್ನು ಮೇಜಿನ ಮೇಲೆ ಒಂದಕ್ಕೊಂದು ಒರಗಿಸಿ ಇಟ್ಟು, "ಇದರ ಕೆಳಗಿತ್ತು. 214ರಲ್ಲಿ. ಪಿಕಾಸಿ ಹಾಕಿದ್ದು ನಾನು. ಮಾಮ ಓದಿದ್ದು ಸರಿ ಇತ್ತು," ಎಂದೆ. ಅಷ್ಟು ಹೇಳಲು ಹದಿನೆಂಟು ದಿನ ಬೇಕಾಯಿತು ನೋಡಿ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ನೆ ಇನ್ನೂರು ಜನರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ," ಅಂದರು.

"ಹೌದು."

"ಜಾಗ ನೆನಪಿದ್ಯಾ?"

"ಗೋಡೆಯಿಂದ ಒಂದು ಗೇಣು. ಮೂಲೆಯಿಂದ ಮೂರು ಹೆಜ್ಜೆ. ತಲೆ ಪೂರ್ವಕ್ಕಿತ್ತು. ಕಾಲು ಮಡಚಿತ್ತು."

"ಇಷ್ಟೆಲ್ಲ ನೋಡಿದೀರ ಹಾಗಾದ್ರೆ."

ನೋಡಿಯೇ ಕೋಳಿ ಎಂದಿದ್ದೆ. ಒಂದು ಗಂಟೆಗೆ ಫೋಟೊ ಇತ್ತಲ್ಲ.

"ನೀವು ಇನ್ನು ಗುಂಡಿಗೆ ಇಳೀಬೇಡಿ. ಈ ಸಲ ಮುಗಿಯೋವರೆಗೂ ತೊಟ್ಟಿ ಹತ್ರ ಕೂತ್ಕೊಳ್ಳಿ," ಎಂದು ಕಾಫಿ ಕುಡಿಯದೆ ಎದ್ದುಹೋದರು. ವಿದ್ಯಾರ್ಥಿಗಳಿಗೆ ಅವರೇ ಹೇಳಿದರು. ಹತ್ತು ಟೋಪಿಗಳೂ ನೆಲ ನೋಡಿದವು. ಅವಮಾನ ಹೇಗಿರುತ್ತದೋ ಎಂದು ಇಷ್ಟು ದಿನ ಹೆದರಿದ್ದೆ. ಹಾಗೆಯೇ ಇತ್ತು, ಒಂದು ಕೂದಲೆಳೆಯೂ ಕಡಿಮೆ ಇರಲಿಲ್ಲ.

ಮಾಮ ಒಂಬತ್ತಕ್ಕೆ ಬಂದ, ನಡೆದುಕೊಂಡೇ. ಅವನು ಸ್ಟೂಲಿನ ಮೇಲೆ ಕೂತು ಉಸಿರು ಸರಿಮಾಡಿಕೊಳ್ಳುವವರೆಗೆ ನಿಂತಿದ್ದೆ.

"ಮಾಮ, ನೀನು ಓದಿದ್ದು ನಾಲ್ಕೇ. ನಾನು ಹ್ಞೂಂ ಅಂದಿದ್ದೂ ನಾಲ್ಕಕ್ಕೇ. ಆ ಕೂಸು ನನ್ನ ಪಟ್ಟಿಯದು. ನಾನು ಕೆಡಿಸಿದೆ, ನಿನ್ನ ಮೇಲೆ ಹಾಕಿದೆ."

ಅವನು ನನ್ನನ್ನು ನೋಡಿದ, ಭಾಷೆ ತಿಳಿಯದವನ ಹಾಗೆ.

"ನಾಲ್ಕಾ?"

"ನಾಲ್ಕು."

"ಇನ್ನೊಂದ್ಸಲ ಹೇಳು."

"ನಾಲ್ಕು ಮಾಮ. ನಿನ್ನ ತಲೆ ಸರಿ ಇದೆ. ನೀನೇನೂ ಮರೆತಿಲ್ಲ."

ಅಂಗೈ ತಿರುಗಿಸಿ ನೋಡಿಕೊಂಡ. ಅದರ ಮೇಲೆ ನಿನ್ನೆ ಮೊನ್ನೆಯ ಸಂಖ್ಯೆಗಳು ಇನ್ನೂ ಇದ್ದವು. "ಹದಿನೆಂಟು ದಿನ ಎರ್ಸೀ," ಎಂದ. "ಹದಿನೆಂಟು ದಿನ ನಾನು ಆ ಮಗೂನ ಎತ್ಕೊಂಡಿಲ್ಲ. ಎಲ್ಲಿ ಬೀಳಿಸಿ ಬಿಡ್ತೀನೋ ಅಂತ. ರಾತ್ರಿಯೆಲ್ಲ ಎದ್ದು ಗ್ಯಾಸ್ ಆರ್ಸಿದೀನಾ ಅಂತ ನೋಡ್ತಿದ್ದೆ, ಒಂದ್ಸಲ ಅಲ್ಲ, ಆರು ಸಲ. ನಾನು ನಿಂಗೆ ಕರಣೆ ಹಿಡ್ಯೋದು ಕಲ್ಸಿದೋನು ಕಣೇ!"

"ಗೊತ್ತು."

"ಏನ್ ಗೊತ್ತು ನಿಂಗೆ? ಏನೂ ಗೊತ್ತಿಲ್ಲ!"

ಬ್ರಶ್ಶನ್ನು ತೊಟ್ಟಿಗೆ ಎಸೆದ. ನೀರು ನನ್ನ ಮುಖಕ್ಕೆ ಹಾರಿತು. ಒರೆಸಿಕೊಳ್ಳಲಿಲ್ಲ. ಕ್ಷಮಿಸು ಎಂದೆ, ಅದು ಅವನ ಕಿವಿಗೆ ಬಿತ್ತೋ ಇಲ್ಲವೋ. ಆಮೇಲೆ ಬ್ರಶ್ಶನ್ನು ನೀರಿನಿಂದ ಎತ್ತಿಟ್ಟು, "ಬಾಯಿಮಾತು ನಂಗೆ ಬೇಡ. ಬರೆದು ಕೊಡು. ಮಾರ್ತ್ಸಿಯಾಗೆ ತೋರಿಸ್ಬೇಕು," ಎಂದ.

ಕಾಗದ ಹುಡುಕಿದೆ. ಚೀಟಿಗಳ ಕಟ್ಟು ಬಿಟ್ಟರೆ ಏನೂ ಇರಲಿಲ್ಲ. ಒಂದು ಚೀಟಿ ಹರಿದು ಬರೆದೆ: ಪದರ 214. ಸೆತ್ತೀಮಿಯೊ ಸರಿಯಾಗಿ ಓದಿದ್ದ. ತಪ್ಪು ನನ್ನದು, ಸುಳ್ಳು ನನ್ನದು. ಎರ್ಸೀಲಿಯಾ. ನಾಲ್ಕನ್ನು ಎರಡು ಸಲ ತೀಡಿದೆ.

ಅವನು ಓದಿದ. ತುಟಿ ಅಲುಗಿಸುತ್ತ ಇನ್ನೊಮ್ಮೆ ಓದಿದ. ಆಮೇಲೆ ಬಗ್ಗಿ ಅದನ್ನು ಬಕೆಟ್ಟಿನ ನೀರಿಗೆ ಅದ್ದಿದ. ಹತ್ತರವರೆಗೆ ಎಣಿಸಿ, ತೆಗೆದು ಬಿಸಿಲಿಗೆ ಹಿಡಿದ. ಪೆನ್ಸಿಲಿನಲ್ಲೇ ಬರೆದಿದ್ದೆ. ಅಕ್ಷರ ಹಾಗೇ ಇತ್ತು. ನಿಂತಿದೆ ಎಂದು ಅವನು ಹೇಳಲಿಲ್ಲ. ಅಂಗಿಗೆ ಒತ್ತಿ ಒಣಗಿಸಿ, ಎದೆಯ ಜೇಬಿಗೆ ಹಾಕಿಕೊಂಡು, ಗುಡ್ಡ ಇಳಿದು ಹೋದ. ಇನ್ನೂ ಹತ್ತು ಗಂಟೆಯೂ ಆಗಿರಲಿಲ್ಲ.

ಜುಲೈ 9, ಮಂಗಳವಾರ

ದಿನವಹಿಯ ಜೂನ್ 14ರ ಪುಟದಲ್ಲಿ 'ವಿಶೇಷವೇನೂ ಇಲ್ಲ' ಎಂಬುದರ ಮೇಲೆ ಗೀಟು ಹಾಕಿ ಕೆಳಗೆ ಬರೆದೆ: ಸೂರಿನ ಕೆಳಗೆ ಕೂಸಿನ ಸಮಾಧಿ, ಜೋಪಾನವಾಗಿ ಮಾಡಿದ್ದು. ಅಗೆದು ಕೆಡಿಸಿದವಳು ಎರ್ಸೀಲಿಯಾ. ಜಿಲ್ದಾ ಮೂಳೆಗಳನ್ನು ಬೇರೆ ಡಬ್ಬಿಗೆ ಹಾಕಿದಳು. ಊರಿನವರಿಗೆ ಪ್ರೊಫೆಸರ್ ಭಾನುವಾರ ಚರ್ಚಿನ ಬಾಗಿಲಲ್ಲಿ ಹೇಳುತ್ತಾರಂತೆ. ಆ ಅಜ್ಜಿಯೂ ಇರಲಿ ಎಂದು ಕೇಳಿಕೊಂಡಿದ್ದೇನೆ. ನಾನೂ ಅಲ್ಲಿ ನಿಲ್ಲಬೇಕು. ನಿಲ್ಲುತ್ತೇನೆ.

ಎಂಟು ಗಂಟೆಗೆ ಗುಡ್ಡದ ಕೆಳಗಿನಿಂದ ಆ ಡಕೋಟಾ ಗಾಡಿಯ ಸದ್ದು ಕೇಳಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಮಾಮನ ಅಂಗಿಯ ಭುಜದ ಮೇಲೆ ಹಾಲು ಕಕ್ಕಿದ ಕಲೆಯಿತ್ತು, ಒರೆಸಿಕೊಂಡಿರಲಿಲ್ಲ.

ದಿನವೆಲ್ಲ ಒಂದೇ ತೊಟ್ಟಿಯ ಎರಡು ಬದಿಯಲ್ಲಿ ಕೂತಿದ್ದೆವು. ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಮರದಡಿ ಹೋದ, ಬ್ರೆಡ್ಡು ಮುರಿದು ಕೊಡಲಿಲ್ಲ. ನಾನು ತೊಳೆದು, ಚೀಟಿ ಬರೆದು, ಅವನ ಕಡೆ ತಳ್ಳುತ್ತಿದ್ದೆ. ಇವತ್ತು ಬರೆದದ್ದು ನಲವತ್ತೊಂದು ಚೀಟಿ. ನಲವತ್ತೊಂದನ್ನೂ ಅವನು ಒಂದೊಂದಾಗಿ ನೀರಿಗೆ ಅದ್ದಿ, ಹತ್ತರವರೆಗೆ ಎಣಿಸಿ, ಬಿಸಿಲಿಗೆ ಹಿಡಿದು ನೋಡಿದ.